ನಮ್ಮ ಬೀದಿಗೆಲ್ಲ ನನ್ನದೇ ನಂಬರು

ನಮ್ಮ ಕ್ಯಾತನಹಳ್ಳಿ ಬೀದಿಯಲ್ಲಿ ಆರು ಮನೆಯ ಬ್ಯಾಂಕ್ ಖಾತೆಗಳಿಗೆ ನನ್ನ ಮೊಬೈಲ್ ನಂಬರೇ ಗತಿ. ಖಾತೆ ತೆರೆಯುವಾಗ ನಂಬರು ಕೇಳಿದರೆ ಎಲ್ಲರದೂ ಒಂದೇ ಮಾತು: "ಮೇಷ್ಟ್ರುದು ಆಕ್ಕಳಿ." ರಿಟೈರಾದ ಮೇಲೂ ನನ್ನನ್ನು ಕೇಳುವವರಿದ್ದಾರಲ್ಲ ಅಂತ ನಾನೂ ಉಬ್ಬಿಹೋಗಿದ್ದೆ. ಆದರೆ ಬ್ಯಾಂಕಿನ ಮೆಸೇಜು ಬಂದರೆ ಓದುತ್ತೇನೆಯೇ? ರಾಮರಾಮಾ! ಸಾಲ ಬೇಕಾ, ಕಾರ್ಡು ಬೇಕಾ ಅಂತ ಪ್ರಾಣ ತಿನ್ನುವವರ ಜೊತೆಗೇ ಅದನ್ನೂ ಅಳಿಸಿ ಹಾಕುತ್ತೇನೆ.

ಎದುರು ಮನೆ ಪುಟ್ಟತಾಯಮ್ಮನಿಗೆ ಇರುವುದು ಒಂದೇ ಹಸು. ಡೇರಿಯ ಬಟವಾಡೆ ಖಾತೆಗೆ ಬಿದ್ದ ದಿನವೇ ಪಾಂಡವಪುರದ ಬಸ್ಸು ಹತ್ತಿ, ಕೊನೇ ರೂಪಾಯಿವರೆಗೂ ಬಿಡಿಸಿಕೊಂಡು ಬರುತ್ತಾಳೆ. ಯಾಕಮ್ಮಾ ಅಂದರೆ, "ಕೆಚ್ಚಲಲ್ಲಿ ಆಲು ಬುಟ್ರೆ ಬಾವು ಬತ್ತದೆ ಮೇಷ್ಟ್ರೇ. ದುಡ್ಡೂ ಅಂಗೇಯ." ಹಾಲು ಕರೆಯುವವಳ ಲೆಕ್ಕ ಸರಿಯೇ. ಆದರೆ ಬ್ಯಾಂಕಿನವರು ಹಸು ಕಟ್ಟಿದವರಲ್ಲ, ಖಾತೆ ಬರಿದಾದರೆ ದಂಡ ಹಾಕುತ್ತಾರೆ. ನಾನು ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವನು. ಶ್ರೀರಂಗಪಟ್ಟಣದಲ್ಲಿ ಕೂತು ಆಳಿದವರು ಹೊಲಕ್ಕೆ, ಮಗ್ಗಕ್ಕೆ, ಗಾಣಕ್ಕೆ ಕಂದಾಯ ಹಾಕಿರಬಹುದು; ಖಾಲಿ ಚೀಲಕ್ಕೆ ಹಾಕಿದ್ದನ್ನು ಎಲ್ಲೂ ಓದಿಲ್ಲ.

ಹೋದ ತಿಂಗಳು ಹಸುವಿಗೆ ಏಳು ತಿಂಗಳ ಗಬ್ಬ. ಹಾಲು ಬತ್ತುವ ಮುಂಚಿನ ಕೊನೇ ಬಟವಾಡೆ ಅದು. ಅದರಲ್ಲೇ ಕರು ಹಾಕುವವರೆಗಿನ ಬೂಸಾ ಆಗಬೇಕು. ಬಿಡಿಸಲು ಹೋದರೆ ಒಂದು ಮೂಟೆ ಬೂಸಾದ ದುಡ್ಡು ದಂಡಕ್ಕೆ ಮಾಯ. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ಮೈಯೆಲ್ಲ ಉರಿಯಿತು. ಅವಳನ್ನು ಕರೆದುಕೊಂಡು ಬ್ಯಾಂಕಿಗೆ ನುಗ್ಗಿ, ಬಡವರ ದುಡ್ಡು ಮುರಿದುಕೊಳ್ಳಲು ನಿಮಗೊಂದು ನಿಯಮ ಅಂತ ಇಲ್ಲವೇನ್ರೀ ಎಂದು ಕೂಗಾಡಿದೆ.

ಮ್ಯಾನೇಜರು ಒಳ್ಳೆಯವರು, ನೀರು ಕೊಟ್ಟರು. ನಿಯಮ ಇದೆಯಂತೆ. ದಂಡಕ್ಕೆ ಒಂದು ತಿಂಗಳು ಮುಂಚೆ ತಿಳಿಸಬೇಕಂತೆ. ಏನೂ ಉಳಿಸಬೇಕಿಲ್ಲದ ಖಾತೆಯೂ ಇದೆಯಂತೆ, ಕೇಳಿದವರಿಗೆ. "ತಿಳಿಸಿದ್ದೀವಲ್ಲ ಸಾರ್" ಅಂತ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಮೆಸೇಜು ಹೋಗಿದ್ದ ನಂಬರು ನನ್ನದು.

ಖಾತೆ ಬದಲಿಸುವ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿ, ಹೊರಗೆ ಬಂದ ಮೇಲೆ ಪುಟ್ಟತಾಯಮ್ಮನಿಗೆ ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಓದಕ್ ಬರಾಕಿಲ್ಲ ಅಂತ್ಲೇ ಅಲ್ವಾ ನಿಮ್ ನಂಬರ್ ಕೊಟ್ಟಿದ್ದು" ಅಂದಳು, ಸೆರಗು ಸರಿ ಮಾಡಿಕೊಂಡಳು. "ನಡೀರಿ, ಬೂಸಾ ಅಂಗ್ಡಿಗೆ."

ಮೂಟೆಯ ದುಡ್ಡು ನಾನೇ ಕೊಟ್ಟೆ. ಬಸ್ ಸ್ಟ್ಯಾಂಡಿನವರೆಗೆ ಇಳಿಸುತ್ತ ಏರಿಸುತ್ತ ಹೊತ್ತವನೂ ನಾನೇ. ಈ ದಂಡಕ್ಕೆ ಮಾತ್ರ ಒಂದು ತಿಂಗಳ ನೋಟೀಸು ಇರಲಿಲ್ಲ.