ಹೊಸ ಬೆಲ್ಟಿಗೆ ಔಡಲೆಣ್ಣೆ

ಮೊದಲು ಸಿಹಿ ಸುದ್ದಿ. ನನ್ನ ಮೊಮ್ಮಗಳು ರೇಣುಕಾ ತನ್ನ ಕೈಯಾರೆ ಟೈಮಿಂಗ್ ಬೆಲ್ಟ್ ಬದಲಿಸಿದ ನಮ್ಮ ಹಳೆಯ ಡೀಸೆಲ್ ಕಾರು ಶಹಾಪುರದಿಂದ ಕೆಂಭಾವಿಗೆ ಹೋಗಿ, ಕೆಮ್ಮದೆ ಕನವರಿಸದೆ ವಾಪಸ್ ಬಂದಿದೆ! ಹಿಂದಿನ ಸೀಟಿನಲ್ಲಿ ಕೂತಿದ್ದವಳು ನಾನೇ. ಇದನ್ನು ಬರೆಯುವಾಗಲೂ ಕೂತಲ್ಲಿ ಕೂರಲಾಗುತ್ತಿಲ್ಲ.

ಕಾರು ಹೋಗಿ ಬರುವುದರಲ್ಲಿ ಏನು ದೊಡ್ಡದು ಅನ್ನುತ್ತೀರಾ? ಕೇಳಿ.

ನನ್ನ ಮಗ ಶರಣಪ್ಪನದು ಶಹಾಪುರದಲ್ಲಿ ಗ್ಯಾರೇಜು. ಕಾಲುವೆ ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೆ ಈ ಕಡೆ ಟ್ರ್ಯಾಕ್ಟರು, ಜೀಪು, ಕಾರು ಎಲ್ಲ ಹೆಚ್ಚಾದವು. ಅವನ ಕೈಗೆ ಬಿಡುವಿಲ್ಲ. ರೇಣುಕಾ ಅವನ ಮಗಳು. ಯಾದಗಿರಿಯಲ್ಲಿ ಐಟಿಐ ಓದಿ ಡೀಸೆಲ್ ಮೆಕ್ಯಾನಿಕ್ ಸರ್ಟಿಫಿಕೇಟ್ ತಂದಳು. (ನನ್ನದು ನಾಲ್ಕನೇ ಇಯತ್ತೆ. ಈ ಅಂಕಣದ ಒತ್ತಕ್ಷರ ತಿದ್ದುವವಳೂ ಅವಳೇ.) ಅಪ್ಪ ಅವಳಿಗೆ ಫಿಲ್ಟರ್ ಬದಲಿಸಲು ಕೊಟ್ಟ, ಟೈರ್ ಬಿಚ್ಚಲು ಕೊಟ್ಟ. ಎಂಜಿನ್ ಮುಟ್ಟಲು ಮಾತ್ರ ಬಿಡಲಿಲ್ಲ.

ಗ್ಯಾರೇಜಿನಲ್ಲಿ ಮಗ ಕೈ ಕಪ್ಪು ಮಾಡಿಕೊಂಡರೆ ‘ಕೆಲಸ ಕಲಿಯುತ್ತಿದ್ದಾನೆ’ ಅನ್ನುತ್ತೇವೆ. ಮಗಳು ಮಾಡಿಕೊಂಡರೆ ‘ತೊಳ್ಕೊಳ್ಳೇ, ಯಾರಾದ್ರೂ ನೋಡ್ಯಾರು’ ಅನ್ನುತ್ತೇವೆ. ಅದೇ ಗ್ರೀಸು ತಾನೇ?

ಅಷ್ಟರಲ್ಲಿ ಕೆಂಭಾವಿಯಿಂದ ಅವಳ ಸೋದರಮಾವನ ಕರೆ ಬಂತು. ಅವನ ಗೊಬ್ಬರದ ಅಂಗಡಿಯ ಕೌಂಟರಿನಲ್ಲಿ ಕೂರಲು ನಂಬಿಕೆಯವರು ಬೇಕಂತೆ. ರೇಣುಕಾ ಒಲ್ಲೆ ಎಂದಳು. ಶರಣಪ್ಪ ಕಡೆಗೊಂದು ಮಾತು ಹಾಕಿದ.

“ನಮ್ಮ ಮನಿ ಕಾರಿನ ಬೆಲ್ಟ್ ಬದ್ಲಿ ಮಾಡೋ ಟೈಮ್ ಬಂದದ. ನೀನೇ ಹಾಕು. ಗಾಡಿ ಕೆಂಭಾವಿಗಿ ಹೋಗಿ ಬಂತಂದ್ರ ಎಂಜಿನ್ ಕೆಲಸ ನಿಂದು. ಎಂಜಿನ್ ಕೆಟ್ತಂದ್ರ ಮಾವನ ಅಂಗಡಿ ಕುರ್ಚಿ ನಿಂದು.”

“ಆಗ್ಲಿ. ಮಾತ್ ತಪ್ಪಬ್ಯಾಡಪಾ ಮತ್ತ.”

ಈ ಟೈಮಿಂಗ್ ಬೆಲ್ಟ್ ಎಂಬುದು ಎಂಜಿನ್ನಿನ ಮೇಲಿನ ಗಾಲಿಯನ್ನೂ ಕೆಳಗಿನ ಗಾಲಿಯನ್ನೂ ಒಂದೇ ತಾಳಕ್ಕೆ ತಿರುಗಿಸುವ, ಒಳಮೈಯಲ್ಲಿ ಹಲ್ಲುಗಳಿರುವ ರಬ್ಬರ್ ಪಟ್ಟಿ. ತಾಳ ತಪ್ಪಿದರೆ ಒಳಗಿನ ವಾಲ್ವು, ಪಿಸ್ಟನ್ನು ಎದುರುಬದುರು ಗುದ್ದಾಡಿ ಮುರಿದುಬೀಳುತ್ತವೆ. ಆಮೇಲೆ ಎಂಜಿನ್ ಗುಜರಿಗೇ.

ರೇಣುಕಾ ಯಾದಗಿರಿಯಿಂದ ಹೊಸ ಬೆಲ್ಟ್ ತಂದು ಕಟ್ಟೆಯ ಮೇಲಿಟ್ಟು ಬೋಲ್ಟ್ ಬಿಚ್ಚುವ ಪಾನಾ ಹುಡುಕಲು ಹೋದಳು. ನಾನು ಬೆಲ್ಟ್ ಮುಟ್ಟಿ ನೋಡಿದೆ. ಬಿರುಸಾಗಿತ್ತು. ನಮ್ಮಲ್ಲಿ ಹೊಸ ಚಪ್ಪಲಿಗೆ, ಎತ್ತು ಕಟ್ಟುವ ಚರ್ಮದ ಮಿಣಿಗೆ, ಬಾರಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತಿಕ್ಕದೆ ಯಾರು ಬಳಸುತ್ತಾರೆ? ಮೊಮ್ಮಗಳ ಮೊದಲ ಕೆಲಸ, ಬೆಲ್ಟು ಮೆತ್ತಗೆ ಕೂರಲಿ ಅಂತ ಒಂದು ಹಲ್ಲೂ ಬಿಡದಂತೆ ಎಣ್ಣೆ ತಿಕ್ಕಿದೆ. ಫಳಫಳ ಹೊಳೆಯಿತು. ಅಷ್ಟರಲ್ಲಿ ಪಾನಾ ಹಿಡಿದು ರೇಣುಕಾ ಬಂದಳು.

“ಆಯೀ! ಇದಕ್ಕೇನ್ ಹಚ್ಚೀದಿ?”

“ಔಡಲೆಣ್ಣಿ. ಮೆತ್ತಗಾಗ್ಲಿ ಅಂತ.”

ರೇಣುಕಾ ನನ್ನ ಕೈಯಿಂದ ಬೆಲ್ಟ್ ಕಸಿದುಕೊಂಡಳು. “ಇದು ಮಿಣಿ ಅಲ್ಲಬೇ! ರಬ್ಬರ್ ಅದ. ಎಣ್ಣಿ ಕುಡದ್ರ ಹುಬ್ಬತದ, ಆಮ್ಯಾಲ ಹಲ್ಲು ಕಿತ್ತು ಬರ್ತಾವ.”

“ಸಬಕಾರ ಹಚ್ಚಿ ತೊಳದು ಬಿಸ್ಲಿಗಿ ಇಡೂಣು ತಗೋ. ನಿಮ್ಮಪ್ಪಗ ಯಾರ್ ಹೇಳ್ತಾರ?”

“ನಾನೇ ಹೇಳ್ತೀನಿ.”

ಹೇಳಿಯೇಬಿಟ್ಟಳು. ಅದೂ ಹೇಗೆ? ನನ್ನ ಹೆಸರು ಹಿಂದಕ್ಕೆ ಸರಿಸಿ, “ಸಾಮಾನು ನಂದಪಾ, ಎತ್ತಿಡಬೇಕಿತ್ತು” ಅಂತ. ನಡುವೆ ನಾನೇ ಬಾಯಿ ಹಾಕಿ ಎಣ್ಣೆಯ ಕತೆ ಹೇಳಿದೆ. ಮುಗಿಯಿತು, ಇನ್ನು ಗೊಬ್ಬರದ ಅಂಗಡಿಯೇ ಗತಿ ಅಂದುಕೊಂಡೆ. ಶರಣಪ್ಪ ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

“ಒರಸಿ ಹಾಕಿಬಿಡಬೇಕಂತ ಅನಸಲಿಲ್ಲೇನು?”

“ಅನಸ್ತು. ಆದ್ರ ಗಾಡ್ಯಾಗ ಕೂಡಂವ ನೀನೇ ಅಲ್ಲೇನು?”

ಅವನು ಎಣ್ಣೆ ಬೆಲ್ಟನ್ನು ಗುಜರಿಗೆ ಎಸೆದ. “ನಾಳಿ ಮುಂಜಾನಿ ಹೋಗಿ ಇನ್ನೊಂದು ತಗೊಂಬಾ” ಅಂದ. ನನ್ನ ಕಡೆ ತಿರುಗಿ, “ಯವ್ವಾ, ನೀ ಮಾತ್ರ ಕಟ್ಟಿ ಬಿಟ್ಟು ಇಳೀಬ್ಯಾಡ ನೋಡು!”

ಮರುದಿನ ಕಟ್ಟೆಯ ಮೇಲಿಂದಲೇ ನೋಡಿದೆ. ಗಾಲಿಗಳ ಮೇಲಿನ ಗುರುತುಗಳನ್ನು ಸರಿಗೂಡಿಸಿ ರೇಣುಕಾ ಹಳೆಯ ಬೆಲ್ಟ್ ಬಿಚ್ಚಿದಳು. ಬೆಲ್ಟನ್ನು ಬಿಗಿಹಿಡಿಯುವ ಪುಟ್ಟ ಗಾಲಿಯನ್ನೂ ಹೊಸದು ಕೂರಿಸಿದಳು. ಹೊಸ ಬೆಲ್ಟ್ ಏರಿಸಿ, ಅದರ ಉದ್ದನೆಯ ಭಾಗವನ್ನು ನಡುವೆ ಹೆಬ್ಬೆರಳು, ತೋರುಬೆರಳಿನಿಂದ ಹಿಡಿದು ತಿರುವಿ ನೋಡಿದಳು. ಕಾಲು ಸುತ್ತು ತಿರುಗಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

“ಇನ್ನಷ್ಟ ಬಿಗಿ,” ಅಂದ ಶರಣಪ್ಪ. (ಅದು ಪರೀಕ್ಷೆ ಅಂತ ನನಗೆ ಆಮೇಲೆ ತಿಳಿಯಿತು.)

“ಒಲ್ಲೆ. ಬಿಗಿ ಆದ್ರ ಬೇರಿಂಗ್ ಕೂಗ್ತದ. ಸಡ್ಲ ಆದ್ರ ಬೆಲ್ಟ್ ಹಲ್ಲು ಜಿಗೀತದ.”

ಸ್ಟಾರ್ಟ್ ಮಾಡುತ್ತಾಳೆ ಅಂತ ಕಾದರೆ, ಇಲ್ಲ. ಪಾನಾ ಹಾಕಿ ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದಳು. ಗುರುತುಗಳು ಮತ್ತೆ ಸರಿಯಾಗಿ ಕೂಡಿದವು. ಬೆಲ್ಟು ಮಾತ್ರ ಕೂದಲೆಳೆಯಷ್ಟು ಸಡಿಲಾಗಿತ್ತು. ಬಿಚ್ಚಿ ಮತ್ತೆ ಬಿಗಿದಳು, ಮತ್ತೆ ಕೈಯಿಂದ ತಿರುಗಿಸಿದಳು. ನಾನು ನನ್ನ ಸೆರಗಿನ ಅಂಚನ್ನು ಹಲ್ಲಿನಿಂದ ಕಡಿಯುತ್ತಿದ್ದೆ.

ನನ್ನ ಸೊಸೆ, ರೇಣುಕಾಳ ಅವ್ವ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಕೀಲಿ ತಿರುಗಿತು. ಎಂಜಿನ್ ಒಮ್ಮೆ ಗುರುಗುಟ್ಟಿ ಹಿಡಿದುಕೊಂಡಿತು ನೋಡಿ! ಶರಣಪ್ಪ ಬಾನೆಟ್ಟಿಗೆ ಕಿವಿಗೊಟ್ಟು ನಿಂತ. ಆಮೇಲೆ ಅವನೇ ಸ್ಟೇರಿಂಗ್ ಹಿಡಿದ, ಮಗಳು ಪಕ್ಕದಲ್ಲಿ, ನಾನು ಹಿಂದೆ. ಕಾಲುವೆಯ ಸೇತುವೆ ದಾಟುವವರೆಗೆ ಮುಂದಿನ ಸೀಟನ್ನು ಬಿಗಿಹಿಡಿದೇ ಕೂತಿದ್ದೆ. ಕೆಂಭಾವಿಯಲ್ಲಿ ಸೋದರಮಾವ ಓಡಿ ಬಂದ.

“ಬಾಯವ್ವಾ, ಕುರ್ಚಿ ಒರಸಿ ಇಟ್ಟೀನಿ.”

“ನೀನೇ ಕೂಡು ಮಾವಾ. ಗಾಡಿ ಕೆಟ್ರ ಮಾತ್ರ ನನಗ ಫೋನ್ ಮಾಡು.”

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಜೊತೆಗೆ ಸೊಸೆ ಮಾಡಿದ ಹೋಳಿಗೆ. ರೇಣುಕಾಳ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಈ ಸಲ ಯಾರೂ ತೊಳ್ಕೋ ಅನ್ನಲಿಲ್ಲ.

ಅಷ್ಟರಲ್ಲಿ ಶರಣಪ್ಪನ ಫೋನು. ಸುರಪುರದ ಗಿರಾಕಿ. ಜೀಪಿನ ಎಂಜಿನ್ ಯಾಕೋ ಸದ್ದು ಮಾಡುತ್ತಿದೆಯಂತೆ, ಈಗಲೇ ರಿಪೇರಿ ಮಾಡುವ ಮಿಸ್ತ್ರಿ ಜೊತೆ ಮಾತಾಡಬೇಕಂತೆ. ನನ್ನ ಮಗ ಮಗಳ ಕಡೆ ನೋಡಿದ. ಅವಳ ಬಾಯಿ ತುಂಬ ಹೋಳಿಗೆ.

“ಸ್ವಲ್ಪ ತಡೀರಿ,” ಅಂದ, “ನಮ್ಮ ಮಿಸ್ತ್ರಿ ಉಣ್ಣಾಕತ್ಯಾಳ.”