ಕೌದಿಯ ಒಳಗಿದ್ದ ಕಂಬಳಿ

ಅನಿತಾ, ತಿಪ್ಪೇಶ — ನಿಮ್ಮಮ್ಮನ ಉಸಿರು ಕಟ್ಟುವಂತೆ ಮಾಡಿದವಳು ನಾನು. ಸ್ವಲ್ಪ ಕಾಲ ಗೊತ್ತಿಲ್ಲದೆ, ಆಮೇಲೆ, ಗೊತ್ತಿದ್ದೂ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೊರಟರೆ ನಡುವೆ ಎಲ್ಲಾದರೂ ಧೈರ್ಯ ಸೋತುಹೋದೀತು.

ಮೊನ್ನೆ ಅನಿತಾ ಫೋನಿನಲ್ಲಿ, “ಅಜ್ಜಿ, ನಂಗೂ ಒಂದು ಕೌದಿ ಹೊಲ್ದು ಕೊಡು. ಅಮ್ಮಂಗೆ ಮದ್ವೆ ಆದಾಗ ಕೊಟ್ಟಿದ್ಯಲ್ಲ, ಅಂಥದ್ದೇ” ಎಂದಳು. ಹೂಂ ಎಂದೆ. ಆದರೆ ಅಂಥದ್ದೇ ಎಂದರೆ ಏನೆಂದು ನಿನಗೆ ಗೊತ್ತಿಲ್ಲ ಮಗಳೇ. ನಿಮ್ಮಮ್ಮನಿಗೂ ಗೊತ್ತಿಲ್ಲ.

ನಿಮ್ಮಮ್ಮ ಕಮಲ ಮಾರಿಕಣಿವೆ ಹತ್ತಿರದ ಊರಿನಿಂದ ನನಗೆ ಸೊಸೆಯಾಗಿ ಬಂದವಳು. ಅವರ ಮನೆಯಲ್ಲಿ ಕುರಿ ಇರಲಿಲ್ಲ. ಹೊಳಲ್ಕೆರೆ ಕಡೆಯ ನಮ್ಮ ಮನೆಯಲ್ಲಿ ಕುರಿದೊಡ್ಡಿ ಗೋಡೆಗೇ ಅಂಟಿಕೊಂಡಿತ್ತು. ನಿಮ್ಮ ತಾತ ಕಂಬಳಿ ನೇಯುತ್ತಿದ್ದರು. ಬಂದ ವರ್ಷವೇ ಅವಳಿಗೆ ಸೀನು ಹತ್ತಿತು. ಅನಿತಾ ಹುಟ್ಟಿದ ಮೇಲೆ ದಮ್ಮು. ಗೋಡೆಗೆ ಒರಗಿ ಕುಳಿತು, ಎರಡೂ ಕೈ ನೆಲಕ್ಕೆ ಊರಿ, ಉಸಿರನ್ನು ಬಾವಿಯಿಂದ ಸೇದಿದಂತೆ ಎಳೆಯುತ್ತಿದ್ದಳು.

ಆಗ ಚಿತ್ರದುರ್ಗದಲ್ಲಿ ಒಬ್ಬ ಡಾಕ್ಟರು ದಮ್ಮಿನವರನ್ನು ಸೇರಿಸಿಕೊಂಡು ಸಂಶೋಧನೆ ಮಾಡುತ್ತಿದ್ದರು. ಕಮಲಳ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಸೂಜಿಮೊನೆ ತಾಗಿಸಿದರು. ಮನೆಧೂಳಿನ ಹುಳದ ಹನಿ ಇಟ್ಟಲ್ಲಿ ಸೊಳ್ಳೆ ಕಚ್ಚಿದಂತೆ ಊದಿಕೊಂಡಿತು. “ಕಣ್ಣಿಗೆ ಕಾಣದ ಹುಳ ಅಮ್ಮ ಇದು. ಹಳೇ ಕಂಬಳಿ ಅಂದ್ರೆ ಇದಕ್ಕೆ ಅರಮನೆ” ಎಂದರು. ಆ ಹುಳದ ಅಂಶವನ್ನೇ ತೀರ ಸ್ವಲ್ಪ ಸ್ವಲ್ಪ ತೋಳಿಗೆ ಚುಚ್ಚುತ್ತಾ, ಅಳತೆ ಏರಿಸುತ್ತಾ ಹೋದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆಯೇ ಎಂದು ನೋಡುವುದು ಅವರ ಕೆಲಸ. ಕೆಲವರಿಗೆ ಮದ್ದು, ಕೆಲವರಿಗೆ ಬರೀ ನೀರಿನಂಥದ್ದು. ಯಾರಿಗೆ ಯಾವುದೆಂದು ಅವರಿಗೂ ತಿಳಿಯದಂತೆ ಮಾಡಿದ್ದರಂತೆ. “ಆದ್ರೆ ಎಲ್ಲರ ಮನೆಯಿಂದಲೂ ಕಂಬಳಿ ಹೊರಗೆ ಹೋಗ್ಬೇಕು. ಒಬ್ಬರು ಮುಚ್ಚಿಟ್ರೂ ನಾವು ನೋಡಿದ್ದೆಲ್ಲ ಸುಳ್ಳಾಗುತ್ತೆ.” ಎಷ್ಟು ಸರಳವಾಗಿ ಹೇಳಿದರು — ನನಗೆ ಅರ್ಥವಾಗಲಿಲ್ಲ ಎನ್ನಲು ಜಾಗವೇ ಇಲ್ಲ.

ನಿಮ್ಮ ತಾತ ಎರಡನೇ ಮಾತಾಡಲಿಲ್ಲ. ಕುರಿ, ಮಗ್ಗ, ಕಂಬಳಿ ಎಲ್ಲವನ್ನೂ ತಮ್ಮನ ಮನೆಗೆ ಸಾಗಿಸಿದರು. “ಹುಡ್ಗಿ ಮೊದ್ಲು ಉಸ್ರಾಡ್ಲಿ. ಕಂಬ್ಳಿ ಎಲ್ಲಿಗ್ ಓಡೋಗ್ತೈತೆ?” ಎಂದರು.

ಉಳಿದದ್ದು ಕೌದಿ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮದುವೆಯಲ್ಲಿ ಗಂಡು ಹೆಣ್ಣು ಕೂತ ಕಂಬಳಿಯ ಒಂದು ತುಂಡನ್ನು ಅತ್ತೆಯಾದವಳು ಸೊಸೆಯ ಕೌದಿಯೊಳಗೆ, ಹಳೇ ಸೀರೆಗಳ ಪದರದ ನಡುವೆ ಇಟ್ಟು ಹೊಲಿಯುತ್ತಾಳೆ. ವಂಶ ಬೆಳೆಯಲಿ ಎಂದು. ಸೊಸೆಗೆ ಹೇಳುವಂತಿಲ್ಲ, ಅವಳು ಅತ್ತೆಯಾಗುವ ಹೊತ್ತಿಗೆ ಹಿರಿಯರು ಹೇಳಿಕೊಡುತ್ತಾರೆ. ಹಾಗಾಗಿ ಅದು ನನಗೊಬ್ಬಳಿಗೇ ಗೊತ್ತಿತ್ತು. ಬಿಚ್ಚಬೇಕು ಎಂದುಕೊಂಡೆ. ಕತ್ತರಿಯನ್ನೂ ತೆಗೆದಿದ್ದೆ — ಆದರೆ ಮನೆಗೆ ಇನ್ನೂ ಗಂಡುಮಗು ಬಂದಿರಲಿಲ್ಲ. ಅದನ್ನು ತೆಗೆದರೆ ಬರಲಾರದೇನೋ ಎಂಬ ಹೆದರಿಕೆ. ಅನಿತಾ, ನೀನು ತೊಟ್ಟಿಲಲ್ಲಿ ನಗುತ್ತಿದ್ದೆ, ನಾನು ಹೀಗೆ ಯೋಚಿಸುತ್ತಿದ್ದೆ.

ಮನೆ ನೋಡಲು ನರ್ಸು ಬಂದಳು. ಹುಟ್ಟಿದಾರಭ್ಯ ಮೊದಲ ಸಲ, ಬಂದವರಿಗೆ ಕಂಬಳಿ ಹಾಸದೆ ಚಾಪೆ ಹಾಸಿದೆ. ಅವಳು ಹಾಸಿಗೆ ಎತ್ತಿ ನೋಡಿ, ಕೌದಿಯನ್ನು ಸವರಿ, “ಎಷ್ಟು ಚೆನ್ನಾಗಿ ಹೊಲ್ದಿದೀರಮ್ಮ” ಎಂದಳು. ನಾನು ನೆಲ ನೋಡಿದೆ. ನನ್ನದು ನಾಚಿಕೆಯ ಸ್ವಭಾವ ಎಂದು ಅವಳು ತಿಳಿದಿರಬೇಕು.

ದುರ್ಗಕ್ಕೆ ಹೋಗುವುದು, ಎದೆಯಲ್ಲಿ ಸುಯ್ ಎನ್ನುವ ಶಬ್ದ ಕೇಳಿದರೆ ಆ ದಿನ ಸೂಜಿ ಕೊಡುವಂತಿಲ್ಲ ಎಂದು ವಾಪಸ್ಸು ಬರುವುದು — ಹೀಗೇ ನಡೆಯಿತು. ಬೇರೆಯವರಿಗೆ ಅಳತೆ ಏರುತ್ತಿತ್ತು, ಕಮಲಳಿಗೆ ಇಳಿಯುತ್ತಿತ್ತು. ಒಂದು ದಿನ ಡಾಕ್ಟರು ನನ್ನನ್ನೇ ಕೇಳಿದರು, “ಮನೇಲಿ ಎಲ್ಲಾದ್ರೂ ಉಣ್ಣೆ ಉಳಿದಿದೆಯಾ ಅಮ್ಮ?”

ಗಂಡಸರ ಮುಂದೆ ತಲೆ ಎತ್ತಿ ಮಾತಾಡಿದವಳಲ್ಲ ನಾನು. ಅವತ್ತು ಎತ್ತಿದೆ.

“ಒಂದೆಳೆನೂ ಇಲ್ರಿ ಸಾರ್. ನಮ್ ಮಗಳಿದ್ದಂಗೆ ಅವ್ಳು.”

ಡಾಕ್ಟರು ಕಮಲಳ ಕಡೆ ತಿರುಗಿದರು. ಹಾಗಾದರೆ ನೀನೇ ಎಲ್ಲೋ ಕುರಿಗಳ ಹತ್ತಿರ ಹೋಗುತ್ತಿದ್ದೀಯ, ಸುಳ್ಳು ಹೇಳಬೇಡ ಎಂದರು. ಅವಳು ಇಲ್ಲ ಇಲ್ಲ ಎಂದು ಅತ್ತಳು. ನಾನು ಪಕ್ಕದಲ್ಲೇ ಇದ್ದೆ, ಸೆರಗಿನ ತುದಿ ಸುತ್ತುತ್ತಾ. ಸ್ವಲ್ಪ ದಿನಕ್ಕೆ ಅವಳನ್ನು ಆ ಸಂಶೋಧನೆಯಿಂದ ಕೈಬಿಟ್ಟರು. ಅವಳನ್ನು ನೋಡಿ ನಮ್ಮೂರಿನ ಇನ್ನಿಬ್ಬರು ಹೆಂಗಸರೂ ಸೂಜಿ ನಿಲ್ಲಿಸಿದರು. “ಕುರಿಯೋರ್ ಮನೆಗೆ ಆ ಸೂಜಿ ಆಗಿಬರಲ್ಲ ಕಣಮ್ಮ” ಎಂಬ ಮಾತು ಊರಲ್ಲಿ ನಿಂತುಹೋಯಿತು. ಆ ಸೂಜಿಯಿಂದ ಗುಣವಾಗುತ್ತಿತ್ತೋ ಇಲ್ಲವೋ — ಅದೇ ತಿಳಿಯದಂತೆ ಮಾಡಿದವಳು ನಾನು.

ಇಲ್ಲಿಯವರೆಗಿನದನ್ನು ಹೆದರಿಕೆ ಎನ್ನಬಹುದೇನೋ. ಮುಂದಿನದಕ್ಕೆ ಆ ಹೆಸರೂ ಇಲ್ಲ.

ತಿಪ್ಪೇಶ, ನಿನ್ನ ಬಾಣಂತನಕ್ಕೆ ಅವಳು ತವರಿಗೆ ಹೋದಳು. ಕೌದಿ ಇಲ್ಲೇ ಉಳಿಯಿತು. ಅಲ್ಲಿ ತಿಂಗಳುಗಟ್ಟಲೆ ದಮ್ಮೇ ಇಲ್ಲ! ನೋಡಲು ಹೋದಾಗ ಕೆನ್ನೆ ತುಂಬಿಕೊಂಡು, ಬಿಂದಿಗೆ ಹೊತ್ತು ನಡೆಯುತ್ತಿದ್ದಳು. ನಮ್ಮ ನಾದಿನಿ, “ಗಂಡನ್ ಮನೆ ಕೆಲ್ಸ ಅಂದ್ರೆ ಮಾತ್ರ ದಮ್ ಬರ್ತೈತೇನೆ ನಿಂಗೆ?” ಎಂದು ಚುಚ್ಚಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಗಳಿಗೆಯಲ್ಲೇ ನನಗೆ ಪೂರ್ತಿ ತಿಳಿದಿತ್ತು.

ನಿನ್ನನ್ನೆತ್ತಿಕೊಂಡು ಅವಳು ವಾಪಸ್ಸು ಬಂದಳು, ಕೌದಿ ಹೊದ್ದಳು, ದಮ್ಮೂ ಬಂತು. ಮೊಲೆಯುಣಿಸುವಾಗಲೂ ಏದುಸಿರು. ಮಗುವನ್ನು ನನಗೆ ಕೊಟ್ಟಳು. ನೀನು ನನ್ನ ಮಗ್ಗುಲಲ್ಲಿ ಬೆಳೆದೆ. ವಂಶಕ್ಕೆ ಗಂಡುಮಗು ಬಂದಾಗಿತ್ತು, ಇನ್ನು ಆ ತುಂಡಿಗೆ ಕೆಲಸವಿರಲಿಲ್ಲ, ಆದರೂ ಬಿಚ್ಚಲಿಲ್ಲ. ಯಾಕೆ ಎಂದರೆ — ಅವಳಿಗೆ ವಾಸಿಯಾದರೆ ನಿನ್ನನ್ನು ಹಿಂದಕ್ಕೆ ಕೊಡಬೇಕಾಗುತ್ತಿತ್ತು. ಇದನ್ನು ಬರೆಯುವಾಗ ನನ್ನ ಕೈ ನನಗೇ ಹೇಸಿಗೆ.

ನೀನು ಮಾತು ಕಲಿತಾಗ ನನ್ನನ್ನು ಅವ್ವ ಎಂದೆ. ಹೆತ್ತವಳನ್ನು, ನಾವೆಲ್ಲ ಕರೆಯುವುದನ್ನು ಕೇಳಿ, “ಕಮ್ಲಿ” ಎಂದೆ. ಮನೆಯೆಲ್ಲ ನಗು. ಅವಳೂ ನಗಲು ಹೋದಳು. ಅರ್ಧಕ್ಕೆ ಆ ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೂ ಕಣ್ಣು ಒರೆಸುತ್ತಲೇ ಇದ್ದಳು.

ಮಾರನೆಯ ಮಧ್ಯಾಹ್ನ ಅವಳು ನೀರಿಗೆ ಹೋದಾಗ ಹೊಲಿಗೆ ಬಿಚ್ಚಿ, ಆ ತುಂಡು ತೆಗೆದು ಒಲೆಗೆ ಹಾಕಿದೆ. ಉಣ್ಣೆ ಸುಟ್ಟ ವಾಸನೆ ಮನೆಯಿಂದ ಹೋಗಲು ಬಹಳ ಹೊತ್ತು ಹಿಡಿಯಿತು. ಕೌದಿ ಒಗೆದು, ಒಣಗಿಸಿ, ಮೊದಲಿನಂತೆ ಹೊಲಿದಿಟ್ಟೆ. ಅದನ್ನು ಮಡಿಸುವಾಗ ಕಮಲ ಕೈಯಲ್ಲೇ ತೂಗಿ ನೋಡಿದಳು.

“ಅತ್ತೆ, ಕೌದಿ ಹಗುರ ಆಗೈತಲ್ಲ?”

“ಒಗ್ದು ಒಗ್ದು ಸವ್ದೈತೆ ಕಣೆ.”

ಅಷ್ಟೇ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ — ಇಲ್ಲ.

ದಮ್ಮು ತಗ್ಗಿತು, ಹೋಗಲಿಲ್ಲ. ದುರ್ಗದ ಡಾಕ್ಟರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು. ಈಗಲೂ ಹಬ್ಬಕ್ಕೆ ಮನೆ ಧೂಳು ಹೊಡೆದರೆ ಅವಳು ದಮ್ಮಿನ ಪಂಪು ಬಾಯಿಗಿಟ್ಟು ಸೇದುತ್ತಾಳೆ. ತಿಪ್ಪೇಶ, ನೀನು ಇವತ್ತಿಗೂ ನನ್ನನ್ನೇ ಅವ್ವ ಎನ್ನುತ್ತೀ. ಅವಳು ಇವತ್ತಿಗೂ ನನಗೆ ಮೊದಲು ಊಟ ಬಡಿಸುತ್ತಾಳೆ.

ಅನಿತಾ, ನಿನ್ನ ಕೌದಿ ಶುರುಮಾಡಿದ್ದೇನೆ. ಒಳಗೆ ನನ್ನ ಹತ್ತಿಸೀರೆಗಳು ಮಾತ್ರ. ಹೊಲಿಯುವಾಗ ಕಮಲಳನ್ನು ಎದುರಿಗೆ ಕೂರಿಸಿಕೊಂಡು ಪ್ರತಿ ಪದರ ತೋರಿಸುತ್ತೇನೆ. ಅದಕ್ಕೂ ಮೊದಲು ಇದನ್ನು ಅವಳ ಮುಂದೆ ಓದುತ್ತೇನೆ, ನಾನೇ, ನನ್ನ ಬಾಯಿಂದಲೇ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ.

ಆಮೇಲೆ ಈ ಹಾಳೆಗಳು ನಿಮ್ಮವು. ಜೋಪಾನ ಮಾಡಿ. ಅಜ್ಜಿಯ ಮಾನ ಹೋಗುತ್ತದೆಂದು ಹರಿಯಬೇಡಿ. ನನ್ನ ಟ್ರಂಕಿನಲ್ಲಿ, ಆಮೇಲೆ ಅವರ ತಮ್ಮನ ಮನೆಯಿಂದ ತರಿಸಿಕೊಂಡ ತಾತನ ಕಂಬಳಿ ಇದೆ, ಅದರಲ್ಲಿ ಮಾತ್ರ ಇಡಬೇಡಿ — ನಿಮ್ಮಮ್ಮ ಬೇಕೆನಿಸಿದಾಗ ಉಸಿರು ಕಟ್ಟದೆ ತೆಗೆದು ಓದಬಲ್ಲ ಕಡೆ ಇಡಿ.