ಧಾರಾಳ ಅಂತ ಬರೆದ ಕಪ್ಪೆ

ಮೊನ್ನೆ ಸಂಜೆ ಪಂಚಾಯ್ತಿ ಆಫೀಸಿನ ಬೀರು ತೆಗೆದೆ ನೋಡಿ, ನುಸಿಗುಳಿಗೆ ವಾಸನೆ ಮೂಗಿಗೆ ಹೊಡೀತು. ಬೇರೆಯವ್ರಿಗೆ ಆ ವಾಸನೆಗೆ ಅಜ್ಜಿ ಸೀರೆ ನೆನಪಾಗುತ್ತೇನೋ. ನಂಗೆ ಕಪ್ಪೆ ನೆನಪಾಗುತ್ತೆ, ಕಿವಿ ಬಿಸಿಯಾಗುತ್ತೆ.

ನಮ್ಮೂರು ತ್ಯಾಮಗೊಂಡ್ಲು ಪಕ್ಕ. ಡಿಗ್ರಿ ಮುಗಿಸಿ ಪಂಚಾಯ್ತೀಲಿ ಟೈಪ್ ಮಾಡೋ ಕೆಲ್ಸಕ್ಕೆ ಸೇರಿದ್ದೆ. ಟೈಪು ಅನ್ನೋದು ದೊಡ್ಡ ಮಾತು. ಎರಡು ಬೆರಳಲ್ಲಿ ಕೋಳಿ ಥರ ಕುಕ್ತಿದ್ದೆ. ಪಂಚಾಯ್ತೀಲಿ ಜೀವವೈವಿಧ್ಯ ದಾಖಲೆ ಅಂತ ಒಂದು ಪುಸ್ತಕ ಇರುತ್ತೆ, ಅದನ್ನ ಇಡೋದು ಈ ಬೀರೂಲೇ. ಊರಲ್ಲಿರೋ ಮರ, ಹಕ್ಕಿ, ಹಾವು, ಕಪ್ಪೆ ಎಲ್ಲಾನೂ ಹಿರೀಕರನ್ನ ಕೇಳಿ, ಹೊಲ ಕುಂಟೆ ಸುತ್ತಿ ಬರೀಬೇಕು. ಆ ಕೆಲ್ಸ ನನ್ ತಲೆಗೆ ಕಟ್ಟಿದ್ರು.

"ಏನಪ್ಪಾ, ಪಕ್ಕದ ಪಂಚಾಯ್ತಿಯವ್ರು ಕಪ್ಪೆಗೇ ಎರಡು ಪುಟ ತುಂಬಿಸವ್ರಂತೆ. ನಮ್ಮೂರಲ್ಲೇನು ಕಪ್ಪೆಗೂ ಬರಗಾಲವಾ?" ಅಂದ್ರು ಪಿಡಿಒ ಸಾಹೇಬ್ರು.

ಊರ ಮರ್ಯಾದೆ ಪ್ರಶ್ನೆ. ಕುಂಟೆಗಿಳಿದ್ರೆ ಪ್ಯಾಂಟು ಕೆಸರಾಗುತ್ತೆ. ನೆಟ್ ತೆಗೆದೆ. ಎಲೆ ಹಸಿರು ಮೈ, ತೊಡೆ ಮೇಲೆ ಕಿತ್ತಳೆ ಪಟ್ಟೆ ಇರೋ ಕಪ್ಪೆ ಒಂದು ಸಿಕ್ತು. ನಮ್ಮ ಆಫೀಸಲ್ಲಿ ಅಷ್ಟು ಲಕ್ಷಣವಾಗಿರೋರು ಯಾರೂ ಇಲ್ಲ, ನನ್ನೂ ಸೇರಿಸ್ಕೊಂಡು. ಫೋಟೋ ಅಂಟಿಸಿದೆ. ಅದರ ಮೈಲುದ್ದದ ವೈಜ್ಞಾನಿಕ ಹೆಸರನ್ನ ಅಕ್ಷರ ಬಿಡದೆ ಇಳಿಸಿದೆ. ಸಿಗೋ ಜಾಗ: ಊರ ಮುಂದಿನ ಕುಂಟೆ. ಎಷ್ಟಿವೆ: ಧಾರಾಳ. ನೆಟ್ಟಿನ ಆ ಪುಟದ ಕೆಳಗೆ ಕಪ್ಪೆ ಬಗ್ಗೆ ಇನ್ನೂ ಏನೇನೋ ಇತ್ತು, ಓದ್ಲಿಲ್ಲ. ಊಟದ ಟೈಮು.

ಆ ಪುಸ್ತಕಾನ ಯಾರೋ ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿದ್ರು. ಮುಂದಿನ ಮಳೆಗಾಲ, ಒಂದಿನ ಮಧ್ಯಾಹ್ನ, ಗಮ್‌ಬೂಟು ಹಾಕ್ಕೊಂಡ ಮೇಡಂ ಒಬ್ರು ಆಫೀಸಿಗೆ ಬಂದ್ರು. ನಮ್ಮಮ್ಮನಿಗಿಂತ ವಯಸ್ಸಾದವ್ರು. ಘಟ್ಟದ ಕಾಡಲ್ಲಿ ಕಪ್ಪೆ ಹುಡುಕೋದೇ ಅವ್ರ ಕೆಲ್ಸವಂತೆ.

"ಪುಸ್ತಕದಲ್ಲಿ ಈ ಕಪ್ಪೆ ಸಾಲು ಬರೆದವ್ರು ಯಾರಪ್ಪಾ?"

ಸನ್ಮಾನ ಗಿನ್ಮಾನ ಇರ್ಬೇಕು ಅಂತ ತಲೆ ಸವರ್ಕೊಂಡು ಮುಂದೆ ಹೋದೆ. "ನಾನೇ ಮೇಡಂ."

ಅವ್ರು ನನ್ ಎರಡೂ ಕೈ ಹಿಡ್ಕೊಂಡ್ಬಿಟ್ರು. "ಅದು ಇದ್ದಿದ್ದು ಒಂದೇ ಒಂದು ಕಾಡಲ್ಲಿ ಕಣಪ್ಪಾ. ಮೂರು ಮಳೆಗಾಲದಿಂದ ಅಲ್ಲಿ ಒಂದೂ ಕೂಗಿಲ್ಲ. ಅಳಿವಿನಂಚಿನ ಪಟ್ಟೀಲಿದೆ, ಇನ್ನೇನು ಅಳಿದೇ ಹೋಗಿರ್ಬೇಕು ಅಂತ ಬರೆಯೋಕೆ ಕೂತಿದ್ದೆ, ನಿಂದು ಕಣ್ಣಿಗೆ ಬಿತ್ತು. ಈ ಒಣ ಸೀಮೇಲಿ ಹೆಂಗೆ ಅಂತ ನಂಬೋಕಾಗ್ಲಿಲ್ಲ. ಆದ್ರೂ ಬಂದೆ. ಕುಂಟೆ ತೋರಿಸ್ತೀಯಾ?"

'ಕುಂಟೆ ಒಣಗೋಗಿದೆ ಮೇಡಂ' ಅನ್ನೋದು ನಾಲಿಗೆ ತುದೀಗೆ ಬಂತು. ಕಿಟಕೀಲಿ ನೋಡಿದ್ರೆ ದರಿದ್ರ ಕುಂಟೆ ತುಂಬಿ ತುಳುಕ್ತಿದೆ.

"ನಾನು ನೋಡಿಲ್ಲ ಮೇಡಂ. ನೆಟ್ಟಲ್ಲಿ ಕದ್ದಿದ್ದು."

ಬೈಲಿಲ್ಲ ಅವ್ರು. ಬೈದಿದ್ರೆ ಬದುಕ್ಕೊಳ್ತಿದ್ದೆ. ನನ್ ಕೈ ಬಿಟ್ಟು, ಕುರ್ಚೀಲಿ ಕೂತು, ಒಂದೊಂದೇ ಬೂಟು ಬಿಚ್ಚಿದ್ರು. ಆಮೇಲೆ, "ಆ ಸಾಲಿಗೊಂದು ಗೀಟು ಎಳೆದ್ಬಿಡಪ್ಪಾ" ಅಂದ್ರು.

ಎಳೆದೆ. ಇಡೀ ಭೂಮಿ ಮೇಲೆ ಆ ಕಪ್ಪೆ ಧಾರಾಳವಾಗಿ ಇದ್ದಿದ್ದು ಆ ಒಂದು ಸಾಲಲ್ಲಿ ಮಾತ್ರ.

ಹೋಗೋವಾಗ ನನ್ ನಂಬರ್ ತಗೊಂಡ್ರು. ಕಂಪ್ಲೇಂಟ್ ಕೊಡೋಕೆ ಅಂದ್ಕೊಂಡು ಒಂದು ವಾರ ಸರಿಯಾಗಿ ಊಟ ಮಾಡ್ಲಿಲ್ಲ.

ಮೊನ್ನೆ ಬೀರು ಬಾಗಿಲು ಹಾಕೋಷ್ಟರಲ್ಲಿ ಅವ್ರದ್ದೇ ಫೋನು. ಆ ಕಾಡಿನ ಹಳ್ಳದಲ್ಲೇ ನಿಂತಿದ್ರು. "ನನ್ ಕಿವಿ ಈಗ ಅಷ್ಟು ಚುರುಕಿಲ್ಲಪ್ಪಾ. ನಿಂದು ಎಳೇ ಕಿವಿ, ಕೇಳಿ ಹೇಳು" ಅಂತ ಫೋನನ್ನ ನೀರಿನ ಕಡೆ ಹಿಡಿದ್ರು.

ಉಸಿರು ಬಿಗಿಹಿಡಿದು ಕೇಳಿದೆ. ಎಷ್ಟೋ ಹೊತ್ತು ಕೇಳಿದೆ. ಹೂಂ, ಕೂಗ್ತು ಅಂದ್ಬಿಡೋಣ ಅನ್ನಿಸ್ತು, ಸುಳ್ಳು ಹೇಳಲ್ಲ.

"ನೀರಿನ ಸದ್ದು ಅಷ್ಟೇ ಮೇಡಂ."

"ಸರಿ, ಬರ್ಕೋತೀನಿ. ಕೇಳಿದವ್ರು ಯಾರು ಅನ್ನೋ ಕಡೆ ನಿನ್ ಹೆಸರೂ ಹಾಕ್ತೀನಿ" ಅಂದ್ರು.